ಟೋನ್ ನಾಬ್ ಇಲ್ಲದ ಪೆಡಲ್ಲೂ, ನಮ್ಮೂರ ಭೋಂಗಾವೂ

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಜಗಳದ ಬರಹ. ಕವನ, ಹರಟೆ, ಪ್ರವಾಸ ಕಥನ ಓದೋಣ ಅಂತ ಬಂದವರು ಕ್ಷಮಿಸಬೇಕು. ಆದ್ರೂ ಕೊನೆ ತನಕ ಓದಿ. ಇದು ಬರೀ ಗಿಟಾರ್ ಹುಡುಗರ ತಲೆನೋವಲ್ಲ ಅಂತ ನಿಮಗೇ ಗೊತ್ತಾಗ್ತದೆ. :-)

ವಿಷಯ ಏನಪ್ಪಾ ಅಂದ್ರೆ, ಮನೆಯಲ್ಲೇ ಗಿಟಾರ್ ಡಿಸ್ಟಾರ್ಷನ್ ಪೆಡಲ್ ಕಟ್ಟೋ ನಮ್ಮ ಹುಡುಗರಲ್ಲಿ ಒಂದು ಹೊಸ ಮಡಿ ಶುರುವಾಗಿದೆ. "ಒರಿಜಿನಲ್ ಸರ್ಕ್ಯೂಟಿನಲ್ಲಿ ಟೋನ್ ಕಂಟ್ರೋಲ್ ಇಲ್ಲ. ಅದನ್ನ ಸೇರಿಸಿದ್ರೆ ಸೌಂಡು ಕೆಡ್ತದೆ. ಟೋನ್ ಬೇಕಂದ್ರೆ ಆಂಪ್ಲಿಫೈಯರಿನಲ್ಲಿ ಇದೆಯಲ್ಲ, ಅಲ್ಲೇ ತಿರುಗಿಸ್ಕೊಳ್ಳಿ." ಈ ಮಾತನ್ನ ಬೆಂಗಳೂರಿನವರ ಬಾಯಲ್ಲಿ ಕೇಳಿದ್ದೆ. ಪುಣೆಗೆ ಓದೋಕೆ ಹೋಗಿ ಬಂದವರ ಬಾಯಲ್ಲೂ ಕೇಳಿದ್ದೆ. ಈಗೀಗ ನಮ್ಮ ಆಳಂದದ ಹುಡುಗರೂ ಅದೇ ಗಿಳಿಪಾಠ ಒಪ್ಪಿಸ್ತಿದ್ದಾರೆ. ನನ್ನ ವಾದ ಇಷ್ಟೇ: ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸ್ಟೇಜಿನ ಮೇಲೆ ನುಡಿಸೋಕೆ ಅಂತ ಕಟ್ಟಿದ ಪೆಡಲ್ಲಿಗೆ ಟೋನ್ ಕಂಟ್ರೋಲ್ ಇಲ್ಲ ಅಂದ್ರೆ, ಅದು ಅರ್ಧಕ್ಕೇ ಕೈ ಬಿಟ್ಟ ಪೆಡಲ್ಲು.

ಪೆಡಲ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಗಿಟಾರಿನಿಂದ ಬರೋ ವೈರು ನೇರ ಆಂಪ್ಲಿಫೈಯರಿಗೆ ಹೋಗೋ ಬದಲು ನಡುವೆ ಕಾಲ ಬಳಿ ಇರೋ ಒಂದು ಸಣ್ಣ ಡಬ್ಬಿ ಹೊಕ್ಕು ಹೋಗ್ತದೆ. ಡಬ್ಬಿಯೊಳಗೆ 9 ವೋಲ್ಟಿನ ಒಂದು ಬ್ಯಾಟರಿ, ಧ್ವನಿಯನ್ನ ನೂರಾರು ಪಟ್ಟು ಹಿಗ್ಗಿಸೋ ಒಂದು ಐಸಿ, ಎದುರುಬದುರಾಗಿ ಕೂಡಿಸಿದ ಎರಡು ಡಯೋಡ್. ಹಿಗ್ಗಿದ ಅಲೆ ಡಯೋಡಿಗೆ ಬಂದಾಗ ಅದರ ತಲೆ ಬುಡ ಎರಡೂ ಕತ್ತರಿಸಿ ಹೋಗ್ತವೆ. ಸಿಲಿಕಾನ್ ಡಯೋಡಾದ್ರೆ ಸುಮಾರು 0.6 ವೋಲ್ಟಿಗೆ ಕತ್ತರಿ, ಹಳೇ ರೇಡಿಯೋದಲ್ಲಿ ಸಿಗೋ ಜರ್ಮೇನಿಯಂ ಡಯೋಡಾದ್ರೆ ಸುಮಾರು 0.3 ವೋಲ್ಟಿಗೆ. ಹಾಗೆ ಕತ್ತರಿಸಿದಾಗ ಮೂಲದಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟಿಕೊಳ್ತವೆ. 110 ಹರ್ಟ್ಜ್‌ನ ತಂತಿ ಮೀಟಿದ್ರೆ 330, 550, 770 ಅಂತ ಮೇಲಕ್ಕೆ ಹೋಗ್ತಾ ಹೋಗ್ತಾ ಸಾವಿರಾರು ಹರ್ಟ್ಜ್ ತನಕ ಸಾಲು ಹಚ್ಚಿ ನಿಲ್ತವೆ. ರಾಕ್ ಹಾಡುಗಳಲ್ಲಿ ಗಿಟಾರು "ಗರ್‍ರ್" ಅನ್ನೋದು ಇದರಿಂದಲೇ.

ಈ ಗರ್‍ರ್ ಹುಟ್ಟಿದ್ದೇ ಕೆಟ್ಟ ಸಾಮಾನಿನಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡೊಂದರ ರೆಕಾರ್ಡಿಂಗಿನಲ್ಲಿ ಮಿಕ್ಸರ್ ಕೈಕೊಟ್ಟಿತು, ಗಿಟಾರಿನ ಧ್ವನಿ ಒಡೆದು ಬಂತು, ಅದನ್ನ ಹಾಗೇ ಇಟ್ಟುಕೊಂಡು 1961ರಲ್ಲಿ ಹಾಡು ಹೊರತಂದರು. ಮರುವರ್ಷವೇ ಆ ಒಡಕು ಧ್ವನಿ ಕೊಡೋಕೆಂದೇ ಮ್ಯಾಸ್ಟ್ರೋ ಫಝ್ ಟೋನ್ ಅನ್ನೋ ಡಬ್ಬಿ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಅದನ್ನ ಜಗತ್ತಿಗೆಲ್ಲ ಕೇಳಿಸಿದರು. ಆ ಮೊದಲ ಡಬ್ಬಿಗೆ ಎರಡೇ ನಾಬ್, ಟೋನ್ ಇರಲಿಲ್ಲ. 1970ರ ದಶಕದಲ್ಲಿ ಬಂದ ಎಂಎಕ್ಸ್ಆರ್ ಡಿಸ್ಟಾರ್ಷನ್ ಪ್ಲಸ್‌ಗೂ ಎರಡೇ ನಾಬ್. ಸರ್ಕ್ಯೂಟು ಚಿಕ್ಕದು, ಸಾಮಾನು ಕಮ್ಮಿ. ಅದಕ್ಕೇ ನಮ್ಮ ಹುಡುಗರು ಮೊದಲು ಕಟ್ಟೋದೂ ಅದನ್ನೇ, "ಒರಿಜಿನಲ್" ಅಂತ ಕಣ್ಣಿಗೊತ್ತಿಕೊಳ್ಳೋದೂ ಅದನ್ನೇ.

ಸರಿ, ಅವರಿಗೆ ಟೋನ್ ಇಲ್ಲದೆ ನಡೆದದ್ದು ನಮಗ್ಯಾಕೆ ನಡೆಯಲ್ಲ?

ಆ ಡಬ್ಬಿಯ ವೈರು ಮುಂದೆ ಎಲ್ಲಿಗೆ ಹೋಗ್ತಿತ್ತು ನೋಡಿ. ಗಿಟಾರಿಗೇ ಅಂತ ಮಾಡಿದ ಆಂಪ್ಲಿಫೈಯರಿಗೆ, ಅದರಿಂದ 12 ಇಂಚಿನ ಕಾಗದದ ಕೋನ್ ಇರೋ ಸ್ಪೀಕರಿಗೆ. ಆ ಜಾತಿಯ ಸ್ಪೀಕರು 5,000 ಹರ್ಟ್ಜ್ ದಾಟಿದ ಮೇಲೆ ಹೆಚ್ಚು ಕಮ್ಮಿ ಬಾಯಿ ಮುಚ್ಚಿಕೊಳ್ತದೆ. ಡಯೋಡು ಹುಟ್ಟಿಸಿದ ಕೆರಕಲು ಸ್ವರಗಳಲ್ಲಿ ಬಹಳಷ್ಟನ್ನ ಅದು ಹೊರಗೆ ಬಿಡೋದೇ ಇಲ್ಲ. ಜೊತೆಗೆ ಆ ಆಂಪ್ಲಿಫೈಯರಿನ ಬಾಸ್, ಟ್ರೆಬಲ್ ನಾಬ್‌ಗಳು ಆ ಒಬ್ಬ ಗಿಟಾರಿನವನ ಸ್ವಂತ ಆಸ್ತಿ. ಅಂದ್ರೆ ಆ "ಒರಿಜಿನಲ್"ನಲ್ಲೂ ಟೋನ್ ಕಂಟ್ರೋಲ್ ಇತ್ತು ಕಣ್ರೀ. ಡಬ್ಬಿಯೊಳಗೆ ಇರಲಿಲ್ಲ ಅಷ್ಟೇ. ಸರ್ಕ್ಯೂಟಿನ ಚಿತ್ರದಲ್ಲಿ ಸ್ಪೀಕರ್ ಬರೆದಿರಲಿಲ್ಲ ಅಂತ ನಾವು ಅದನ್ನ ಲೆಕ್ಕಕ್ಕೇ ಹಿಡಿಯಲಿಲ್ಲ.

ಈಗ ನಮ್ಮ ಕಡೆ ಬನ್ನಿ. ನಾನು ಆಳಂದದವನು, ಕೆಲಸದ ಮೇಲೆ ಅಫಜಲಪುರ, ಜೇವರ್ಗಿ ಸುತ್ತುತ್ತಲೇ ಇರ್ತೀನಿ. ಗಿಟಾರಿಗೆಂದೇ ಮಾಡಿದ ಆಂಪ್ಲಿಫೈಯರು ಬಾಡಿಗೆಗೆ ಸಿಗೋದನ್ನ ನಾನಂತೂ ಈ ಮೂರೂರಲ್ಲಿ ಕಂಡಿಲ್ಲ. ಸಿಗೋದು ಮೈಕ್‌ಸೆಟ್. ಜಾತ್ರೆಗೆ, ಉರುಸಿಗೆ, ಗಣಪತಿಗೆ, ಲಗ್ನಕ್ಕೆ, ರಾತ್ರಿ ಭಜನೆಗೆ, ರಸಮಂಜರಿಗೆ ಎಲ್ಲಕ್ಕೂ ಅದೇ. ಅದರ ಬಾಯಿ ನಮ್ಮ ಕಡೆ ಭೋಂಗಾ ಅಂತ ಕರೆಯೋ ಹಾರ್ನು. ದೂರಕ್ಕೆ ಮಾತು ಮುಟ್ಟಿಸಬೇಕು ಅಂತ ಮಾಡಿದ ಸಾಧನ ಅದು. ಸುಮಾರು 300 ಹರ್ಟ್ಜ್ ಕೆಳಗೆ ಅದಕ್ಕೆ ದನಿಯೇ ಇಲ್ಲ. ಒಂದರಿಂದ ನಾಲ್ಕು ಸಾವಿರದ ನಡುವೆ ಮಾತ್ರ ಜೀವ ಬಿಟ್ಟು ಕೂಗ್ತದೆ. ಮನುಷ್ಯನ ಕಿವಿಯೂ ಬಹಳ ಚುರುಕಾಗಿರೋದು ಎರಡರಿಂದ ಐದು ಸಾವಿರದ ನಡುವೆಯೇ. ಇನ್ನು ಡಯೋಡು ಹುಟ್ಟಿಸಿದ ಕೆರಕಲು? ಅದರ ವಾಸವೂ ಅಲ್ಲೇ. ಗಿಟಾರಿನ ದಪ್ಪ ತಂತಿಯ ಮೂಲ ಸ್ವರ 82 ಹರ್ಟ್ಜ್, ಅದು ಭೋಂಗಾದಲ್ಲಿ ಬರೋದೇ ಇಲ್ಲ. ಬರೋದು ಬರೀ ಮೇಲಿನ ಕಸ. ಪಾಯಸ ಸೋಸಿ ಗೋಡಂಬಿ ಚೆಲ್ಲಿ ಏಲಕ್ಕಿ ಸಿಪ್ಪೆ ಬಡಿಸಿದ ಹಾಗೆ.

"ಅಯ್ಯೋ, ಭೋಂಗಾ ಕಾಲ ಹೋಯ್ತು, ಈಗೆಲ್ಲ ಡಿಜೆ ಬಾಕ್ಸು" ಅನ್ನೋರಿಗೆ: ಬಾಕ್ಸಿನಲ್ಲಿ ಬಾಸ್ ಬರ್ತದೆ, ಒಪ್ಪಿದೆ. ಆದ್ರೆ ಅದರ ಮೇಲ್ಭಾಗದ ಸಣ್ಣ ಹಾರ್ನು ಹತ್ತು ಸಾವಿರ ದಾಟಿಯೂ ಕೂಗ್ತದೆ. ಗಿಟಾರ್ ಸ್ಪೀಕರು ಮುಚ್ಚಿಡ್ತಿದ್ದದ್ದನ್ನೆಲ್ಲ ಅದು ಬಿಚ್ಚಿ ತೋರಿಸ್ತದೆ. ರೋಗ ಬೇರೆ, ಮದ್ದು ಅದೇ.

ಈಗ ಮಡಿವಂತರ ದೊಡ್ಡ ವಾದಕ್ಕೆ ಬರ್ತೀನಿ. "ಆಂಪ್ಲಿಫೈಯರಿನ ಟ್ರೆಬಲ್ ಇಳಿಸ್ಕೊಳ್ಳಿ" ಅಂತಾರಲ್ಲ, ಯಾರ ಟ್ರೆಬಲ್ಲು ಸ್ವಾಮಿ? ನಮ್ಮ ಮಾಮೂಲಿ ಮೈಕ್‌ಸೆಟ್ ಆಂಪ್ಲಿಫೈಯರಿನ ಮುಖ ನೋಡಿ. ಪ್ರತಿ ಮೈಕಿಗೂ ಒಂದೊಂದು ವಾಲ್ಯೂಮ್ ಇರ್ತದೆ, ಬಾಸ್ ಮತ್ತು ಟ್ರೆಬಲ್ ಮಾತ್ರ ಎಲ್ಲರಿಗೂ ಸೇರಿ ಒಂದೊಂದೇ. ಗಿಟಾರಿನ ಕೆರಕಲು ತಡೆಯೋಕೆ ಮೈಕ್‌ಸೆಟ್‌ನವರು ಟ್ರೆಬಲ್ ಇಳಿಸಿದ್ರೆ ಹಾರ್ಮೋನಿಯಂ ಮಂಕಾಗ್ತದೆ, ತಾಳ ಸಾಯ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಹಾಡೋರ ಮಾತು ಹೋಗ್ತದೆ. ಮಾತಿನ ಸ, ಶ, ತ, ಕ ಇವುಗಳ ಚೂಪೆಲ್ಲ ಇರೋದು ಆ ಮೇಲಿನ ಭಾಗದಲ್ಲೇ. ಅದನ್ನ ಕತ್ತರಿಸಿದ್ರೆ ರಾಗ ಕೇಳ್ತದೆ, ಪದ ಕೇಳಲ್ಲ.

ನಮ್ಮ ಸೀಮೆಯಲ್ಲಿ ಪದ ಕೇಳಲಿಲ್ಲ ಅಂದ್ರೆ ಏನುಳಿತು ಹೇಳಿ? ಇದು ಕಡಕೋಳ ಮಡಿವಾಳಪ್ಪನವರ ಸೀಮೆ. ಕಡಕೋಳ ಈಗ ಯಡ್ರಾಮಿ ತಾಲೂಕಿಗೆ ಸೇರಿದ್ರೂ ಮೊದಲು ಜೇವರ್ಗಿಯದೇ. ಇಲ್ಲಿ ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡೋರು ಕಂಠ ಮೆರೆಸೋಕೆ ಹಾಡೋದಲ್ಲ, ಒಳಗಿನ ಮಾತು ಮುಟ್ಟಿಸೋಕೆ ಹಾಡ್ತಾರೆ. ಮುಂದೆ ಕೂತ ಅಜ್ಜ ಪ್ರತಿ ಸಾಲಿಗೂ ತಲೆದೂಗೋದು ಅರ್ಥಕ್ಕೆ. ನಿಮ್ಮ ಪೆಡಲ್ಲಿಗೊಂದು ಹತ್ತು ರೂಪಾಯಿಯ ನಾಬ್ ಹಾಕಲಿಲ್ಲ ಅಂತ ಆ ಅಜ್ಜನಿಗೆ ಸಿಗಬೇಕಾದ ಪದ ಸಿಗದೇ ಹೋದ್ರೆ ಅದು ಯಾವ ಸೀಮೆಯ ಶುದ್ಧತೆ?

"ಗಿಟಾರಿನಲ್ಲೇ ಟೋನ್ ನಾಬ್ ಇದೆಯಲ್ಲ" ಅನ್ನೋರೂ ಇದ್ದಾರೆ. ಇದೆ. ಆದ್ರೆ ಅದು ಇರೋದು ಡಯೋಡಿಗಿಂತ ಮೊದಲು. ನೀವು ಗಿಟಾರಿನಲ್ಲಿ ಎಷ್ಟೇ ಟ್ರೆಬಲ್ ಇಳಿಸಿ, ಆಮೇಲೆ ಡಯೋಡು ಅಲೆಯ ತಲೆ ಕತ್ತರಿಸಿ ಹೊಸ ಕೆರಕಲು ಹುಟ್ಟಿಸೇ ಹುಟ್ಟಿಸ್ತದೆ. ಹಿಟ್ಟು ಜರಡಿ ಹಿಡಿದ ಮೇಲೆ ಮತ್ತೆ ಹೊಟ್ಟು ಸುರಿದ ಹಾಗೆ. ಜರಡಿ ಬೀಸುಕಲ್ಲಿನ ಆಚೆ ಇರಬೇಕು, ಈಚೆ ಅಲ್ಲ. ಡಯೋಡಿನ ನಂತರ ಒಂದು ಟೋನ್ ಕಂಟ್ರೋಲ್ ಬೇಕು ಅನ್ನೋದಕ್ಕೆ ಇಷ್ಟೇ ಕಾರಣ ಸಾಕು.

ಇದರಿಂದ ಆಗೋ ನಷ್ಟ ಕಣ್ಣಾರೆ ಕಂಡಿದ್ದೇನೆ. ಜೇವರ್ಗಿ ಕಡೆಯ ಒಂದು ಹಳ್ಳಿ, ಹೆಸರು ಬೇಡ. ಡಿಪ್ಲೊಮಾ ಓದ್ತಿದ್ದ ಹುಡುಗ, ಪೆಡಲ್ಲು ತಾನೇ ಕಟ್ಟಿದ್ದು. ಸೋಪಿನ ಡಬ್ಬಿಯೊಳಗೆ ಅಷ್ಟು ಚೊಕ್ಕ ಬೆಸುಗೆ ಹಾಕಿದ್ದ ಅಂದ್ರೆ ಅವನ ಮೇಷ್ಟ್ರಿಗೂ ಬರಲಿಕ್ಕಿಲ್ಲ. ರಸಮಂಜರಿಯಲ್ಲಿ ಅವನಿಗೂ ಎರಡು ಹಾಡು ಅಂತ ಗೊತ್ತಾಗಿತ್ತು. ಮೊದಲ ಹಾಡಿನ ಅರ್ಧಕ್ಕೆ ಕಮಿಟಿಯ ಹಿರಿಯರೊಬ್ಬರು ಎದ್ದು ಬಂದರು. "ಏ ತಮ್ಮಾ, ಆ ಡಬ್ಬಿ ಬಂದ್ ಮಾಡು. ಕಿವ್ಯಾಗ ತಗಡ ತಿಕ್ಕಿದಂಗ ಆಗ್ಲಕತ್ತದ. ಪದ ಏನಂತ ಒಂದೂ ತಿಳಿವಲ್ದು." ಹುಡುಗ ಬಗ್ಗಿ ಡಬ್ಬಿ ನೋಡಿದ. ಅದರ ಮೇಲೆ ತಿರುಗಿಸೋಕೆ ಏನೂ ಇರಲಿಲ್ಲ. ಒಂದು ಡಿಸ್ಟಾರ್ಷನ್, ಒಂದು ವಾಲ್ಯೂಮ್. ವಾಲ್ಯೂಮ್ ಇಳಿಸಿದ್ರೆ ಅವನೇ ಕೇಳಲ್ಲ, ಏರಿಸಿದ್ರೆ ಬೈಗುಳ. ಎರಡನೇ ಹಾಡಿಗೆ ಅವನನ್ನ ಕರೆಯಲೇ ಇಲ್ಲ.

ಆಮೇಲೆ ಊರಲ್ಲಿ ಎದ್ದ ಮಾತು "ಟ್ರೆಬಲ್ ಜಾಸ್ತಿ ಆಯ್ತು" ಅಂತಲ್ಲ. "ಗಿಟಾರ್ ಅದು ಇದು ನಮ್ದಲ್ಲ ಬಿಡ್ರಿ" ಅಂತ. ನನಗೆ ಸಿಟ್ಟು ಬರೋದು ಇಲ್ಲೇ. ಒಂದು ಕೆಪಾಸಿಟರಿನ ಕೊರತೆ ಸಂಸ್ಕೃತಿಯ ತಂಟೆಯಾಗಿ ಹೋಯ್ತು. ಹಿರಿಯರ ಕಿವಿ ಸರಿಯಾಗೇ ಇತ್ತು, ಅವರು ಹೇಳಿದ ಒಂದೊಂದು ಮಾತೂ ಎಂಜಿನಿಯರಿಂಗ್ ಲೆಕ್ಕಕ್ಕೆ ಸರಿಯಾಗಿದೆ. ಹುಡುಗನ ಕೈಯೂ ಸರಿಯಾಗೇ ಇತ್ತು. ತಪ್ಪಿದ್ದು ಎಲ್ಲೋ ಕೂತು "ಟೋನ್ ಹಾಕಬೇಡ, ಒರಿಜಿನಲ್ ಕೆಡ್ತದೆ" ಅಂತ ಅವನಿಗೆ ಉಪದೇಶ ಮಾಡಿದವರದು. ಆ ಉಪದೇಶಿಗಳು ಭೋಂಗಾದ ಕೆಳಗೆ ಒಂದು ರಾತ್ರಿಯೂ ನಿಂತಿರಲಿಕ್ಕಿಲ್ಲ.

ಇನ್ನು "ಈ ಗರ್‍ರ್ ಅನ್ನೋದೇ ನಮ್ಮದಲ್ಲ" ಅನ್ನೋರಿಗೂ ಎರಡು ಮಾತು. ತಂಬೂರಿ ನೋಡಿದ್ದೀರಲ್ಲ? ಅದರ ತಂತಿ ಕುದುರೆಯ ಮೇಲೆ ಬರೀ ಕೂತಿರಲ್ಲ. ಕುದುರೆಯ ಬೆನ್ನನ್ನ ಚೂರೇ ಉಬ್ಬಿಸಿ ಉಜ್ಜಿರ್ತಾರೆ, ತಂತಿ ಅದನ್ನ ಸವರಿಕೊಂಡು ಝೇಂಕರಿಸ್ತದೆ. ಆ ಸವರಿಕೆಯಿಂದಲೇ ಮೇಲಿನ ಸ್ವರಗಳೆಲ್ಲ ಎದ್ದು ಬರ್ತವೆ. ಹಿಂದುಸ್ತಾನಿಯವರು ಅದಕ್ಕೆ ಜವಾರಿ ಅಂತಾರೆ. ನಮ್ಮ ಕಡೆ ಜವಾರಿ ಅಂದ್ರೆ ನಾಟಿ ಅಂತ ಅರ್ಥ, ಜವಾರಿ ಕೋಳಿ, ಜವಾರಿ ಬದನಿಕಾಯಿ ಅಂದ ಹಾಗೆ. ಎರಡು ಅರ್ಥವೂ ಇಲ್ಲಿ ಕೂಡಿ ಬಂತು ನೋಡಿ. :-) ಮೂಲ ಸ್ವರಕ್ಕೆ ಇಲ್ಲದ ಹೊಳಪನ್ನ ಬೇಕಂತಲೇ ಎಬ್ಬಿಸೋದು ನಮಗೆ ಹೊಸತೇನಲ್ಲ.

ಆದ್ರೆ ತಂಬೂರಿ ಮಾಡೋರು ಅಷ್ಟಕ್ಕೇ ಬಿಡಲಿಲ್ಲ. ತಂತಿಗೂ ಕುದುರೆಗೂ ನಡುವೆ ಹತ್ತಿಯ ಒಂದು ಎಳೆ ಸೇರಿಸಿದರು. ಅದಕ್ಕೆ ಜೀವಾ ಅಂತ ಹೆಸರು. ಅದನ್ನ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದ್ರೆ ಝೇಂಕಾರ ತೆರೆಯುತ್ತದೆ, ಮುಚ್ಚುತ್ತದೆ. ಹಾಡೋರು ಕೂತ ಮೇಲೆ ಮೊದಲು ಮಾಡೋ ಕೆಲಸಗಳಲ್ಲಿ ಅದೊಂದು. ನಮಗೆ ಹತ್ತಿರದ ಮಿರಜ್‌ನಲ್ಲಿ ತಲೆಮಾರುಗಳಿಂದ ತಂಬೂರಿ ಮಾಡ್ತಿದ್ದಾರೆ, ಅಲ್ಲಿನ ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಎಳೆ ಇಲ್ಲದ ತಂಬೂರಿ ತಗೊಂಡು ಹೋಗಿ "ಇದೇ ಒರಿಜಿನಲ್ಲು" ಅಂತ ಅವರ ಮುಂದೆ ಹೇಳಿ ನೋಡಿ, ನಕ್ಕು ಚಹಾ ಕುಡಿಸಿ ಕಳಿಸ್ತಾರೆ. ಝೇಂಕಾರ ಎಬ್ಬಿಸೋನೇ ಅದನ್ನ ಹದ ಮಾಡಬೇಕು, ಮತ್ತು ಆ ಹದ ನುಡಿಸೋರ ಕೈಗೆ ಸಿಗಬೇಕು. ನನ್ನ ಬೇಡಿಕೆಯೂ ಅಷ್ಟೇ. ಪೆಡಲ್ಲಿಗೊಂದು ಜೀವಾ ಹಾಕಿ.

ಇಷ್ಟು ಕೇಳಿದ ತಕ್ಷಣ ಇನ್ನೊಂದು ಪಂಗಡ ಕುಣಿದಾಡ್ತದೆ. "ಹಂಗಾದ್ರೆ ಬಾಸ್, ಮಿಡ್, ಟ್ರೆಬಲ್ ಮೂರೂ ಹಾಕೋಣ! ಬಿಗ್ ಮಫ್ ಪೆಡಲ್ಲಿನ ಟೋನ್ ಹಾಕೋಣ!" ಸ್ವಲ್ಪ ತಡೀರಪ್ಪಾ. ಬಿಗ್ ಮಫ್ 1969ರ ಹೊತ್ತಿಗೆ ಬಂದ ಪ್ರಸಿದ್ಧ ಪೆಡಲ್ಲು, ಟೋನ್ ನಾಬ್ ಇದೆ, ನಿಜ. ಅದರ ನಾಬ್ ಒಂದು ತುದಿಯಲ್ಲಿ ಸುಮಾರು 400 ಹರ್ಟ್ಜ್ ಕೆಳಗಿನದ್ದನ್ನ ಬಿಡ್ತದೆ, ಇನ್ನೊಂದು ತುದಿಯಲ್ಲಿ ಸುಮಾರು 1,800ರ ಮೇಲಿನದ್ದನ್ನ. ನಡುವೆ ಇಟ್ಟರೆ 1,000 ಹರ್ಟ್ಜ್ ಹತ್ತಿರ ಒಂದು ಹೊಂಡ. ದೊಡ್ಡ ಸ್ಪೀಕರಿನಲ್ಲಿ ಆ ಹೊಂಡ ಬಹಳ ಚಂದ ಕೇಳ್ತದೆ. ಭೋಂಗಾಕ್ಕೆ ಕೆಳಗಿನದ್ದು ಮೊದಲೇ ಇಲ್ಲ, ನೀವು ನಡುವಿನದ್ದನ್ನೂ ತೋಡಿ ತೆಗೆದ್ರೆ ಉಳಿಯೋದು ಆ ಹಿರಿಯರು ಬೈದ ತಗಡೊಂದೇ. ಮೂರು ನಾಬಿನದ್ದೂ ಹಾಗೇ. ಪೀಟರ್ ಬಾಕ್ಸಂಡಾಲ್ 1952ರಲ್ಲಿ ಪ್ರಕಟಿಸಿದ ಬಾಸ್-ಟ್ರೆಬಲ್ ಸರ್ಕ್ಯೂಟು ಅದ್ಭುತವಾದದ್ದು, ಅದರ ಮಕ್ಕಳು ಮೊಮ್ಮಕ್ಕಳು ನಮ್ಮ ಮನೆಮನೆಯ ಟೇಪ್‌ರೆಕಾರ್ಡರ್‌ಗಳಲ್ಲಿ ಕೂತಿದ್ದವು. ಆದ್ರೆ ಭೋಂಗಾ ನುಡಿಸಲಾಗದ ಬಾಸನ್ನ ಏರಿಸೋ ನಾಬ್ ಯಾಕೆ ಬೇಕು? ಕತ್ತಲಲ್ಲಿ, ಸ್ಟೇಜಿನ ಮೇಲೆ, ಎರಡು ಹಾಡಿನ ನಡುವಿನ ಅರೆ ನಿಮಿಷದಲ್ಲಿ ತಿರುಗಿಸೋಕೆ ಒಂದೇ ನಾಬ್ ಇರಲಿ. ಅದು ಒಂದೇ ಕೆಲಸ ಮಾಡಲಿ: ಮೇಲಿನ ಕೆರಕಲು ಇಳಿಸಲಿ.

ಬರೀ ಬೈದು ಹೋಗೋದು ಸರಿಯಲ್ಲ, ಹೇಗೆ ಮಾಡೋದು ಅಂತಲೂ ಹೇಳ್ತೀನಿ. 741ರಂಥ ಒಂಟಿ ಐಸಿ ಬದಲು ಟಿಎಲ್072 ಅಥವಾ 4558 ತಗೊಳ್ಳಿ, ಒಂದೇ ಐಸಿಯಲ್ಲಿ ಎರಡು ಆಂಪ್ ಇರ್ತವೆ. (ಕಾಲುಗಳ ಜೋಡಣೆ ಬೇರೆ, ನೋಡಿಕೊಂಡು ಹಾಕಿ.) ಮೊದಲನೆಯದು ಧ್ವನಿ ಹಿಗ್ಗಿಸಲಿ, ಅದರ ಮುಂದೆ ಯಥಾಪ್ರಕಾರ 10 ಕಿಲೋ ಓಮ್ ರೆಸಿಸ್ಟರು, ಎರಡು 1ಎನ್4148 ಡಯೋಡು. ಡಯೋಡಾದ ಮೇಲೆ ಎರಡನೇ ಆಂಪನ್ನ ಬರೀ ಬಫರ್ ಆಗಿ ಕೂಡಿಸಿ, ಅಂದ್ರೆ ಹಿಗ್ಗಿಸೋದೇನೂ ಬೇಡ, ಬಂದದ್ದನ್ನ ಗಟ್ಟಿಯಾಗಿ ಮುಂದೆ ದಾಟಿಸಿದ್ರೆ ಸಾಕು. ಅದರ ಔಟ್‌ಪುಟ್ಟಿನಿಂದ ಡಿಸಿ ತಡೆಯೋ ಒಂದು 10 ಮೈಕ್ರೋ ಫ್ಯಾರಡ್ ಕೆಪಾಸಿಟರು, ಆಮೇಲೆ 1 ಕಿಲೋ ಓಮ್ ರೆಸಿಸ್ಟರು, ಅದರ ಸಾಲಿನಲ್ಲೇ 10 ಕಿಲೋ ಓಮ್ ಪಾಟ್. ಪಾಟ್ ದಾಟಿದ ಜಾಗದಿಂದ ನೆಲಕ್ಕೆ, ಅಂದ್ರೆ ಗ್ರೌಂಡಿಗೆ, 10 ನ್ಯಾನೋ ಫ್ಯಾರಡ್ ಕೆಪಾಸಿಟರು. ಅಲ್ಲಿಂದ 100 ಕಿಲೋ ಓಮ್ ವಾಲ್ಯೂಮ್. ಮುಗೀತು.

ಲೆಕ್ಕ ಬೇಕಾ? ಒಂದನ್ನ ಎರಡು ಪೈ, ರೆಸಿಸ್ಟರು, ಕೆಪಾಸಿಟರು ಇವುಗಳ ಗುಣಲಬ್ಧದಿಂದ ಭಾಗಿಸಿ, ಅದೇ ಕತ್ತರಿ ಬೀಳೋ ಜಾಗ. ಪಾಟ್ ಪೂರ್ತಿ ತೆರೆದಾಗ ಉಳಿಯೋದು 1 ಕಿಲೋ ಓಮ್, ಕತ್ತರಿ ಸುಮಾರು 16,000 ಹರ್ಟ್ಜ್‌ಗೆ. ಅಂದ್ರೆ ಇದ್ದೂ ಇಲ್ಲದ ಹಾಗೆ, ಮಡಿವಂತರ ಒರಿಜಿನಲ್ಲು ಹಾಗೇ ಇದೆ. ಪೂರ್ತಿ ಮುಚ್ಚಿದಾಗ 11 ಕಿಲೋ ಓಮ್, ಕತ್ತರಿ ಸುಮಾರು 1,450ಕ್ಕೆ. ಆಗ ಕಿವಿ ಚುಚ್ಚೋ 3,000 ಹರ್ಟ್ಜ್ ಸುಮಾರು 7 ಡೆಸಿಬೆಲ್ ಇಳೀತದೆ, ಅಂದ್ರೆ ಅರ್ಧಕ್ಕಿಂತ ಕಮ್ಮಿ ವೋಲ್ಟೇಜು. ಮೊದಲ ಹಾಡಿಗೆ ಭೋಂಗಾ ಕಂಡು ಅರ್ಧಕ್ಕೆ ತಿರುಗಿಸಿ, ಹಾಡೋರ ಪದ ಕೇಳೋ ತನಕ ಇನ್ನಷ್ಟು ಇಳಿಸಿ. "ಸೌಂಡು ಕೆಡ್ತದೆ" ಅನ್ನೋರು ಪೂರ್ತಿ ತೆರೆದಿಟ್ಟುಕೊಳ್ಳಲಿ, ಯಾರು ಬೇಡ ಅಂದ್ರು?

ಅಂಗಡಿಯಲ್ಲಿ ಕೇಳೋವಾಗ 10 ನ್ಯಾನೋ ಅಂದ್ರೆ ಮುಖ ನೋಡ್ತಾರೆ, "103 ಕೊಡ್ರಿ" ಅನ್ನಿ. ಪಾಟ್ ಅಂದ್ರೆ ತಿಳಿಯಲಿಲ್ಲ ಅಂದ್ರೆ "ಹತ್ತು ಕೆ ವಾಲ್ಯೂಮ್ ಕಂಟ್ರೋಲ್" ಅನ್ನಿ. ಕಲಬುರಗಿಯಲ್ಲೋ ಸೊಲ್ಲಾಪುರದಲ್ಲೋ ಹುಡುಕಿದ್ರೆ ಎಲ್ಲ ಸಿಕ್ಕೇ ಸಿಗ್ತದೆ. ಟೋನ್ ಸೇರಿಸೋಕೆ ಆಗೋ ಹೆಚ್ಚಿನ ಖರ್ಚು ಒಂದು ಪ್ಲೇಟ್ ಸುಸಲಾ, ಮಿರ್ಚಿ ತಿನ್ನೋ ರೊಕ್ಕ ದಾಟಲಿಕ್ಕಿಲ್ಲ.

ಇನ್ನೊಂದು ಮಾತು, ಬಹಳ ಮುಖ್ಯ. ಪೆಡಲ್ಲಿನ ವೈರು ಮೈಕಿನ ಸಾಕೆಟ್ಟಿಗೆ ತುರುಕಬೇಡಿ. ಮೈಕ್ ಕೊಡೋದು ಕೆಲವೇ ಮಿಲಿವೋಲ್ಟು, ನಿಮ್ಮ ಡಯೋಡು ಕೊಡೋದು ಅದರ ನೂರು ಪಟ್ಟು. ಅಲ್ಲಿ ಆಂಪ್ಲಿಫೈಯರೇ ಇನ್ನೊಂದು ಸಲ ಅಲೆಯ ತಲೆ ಕತ್ತರಿಸ್ತದೆ. ಆ ಎರಡನೇ ಕೆರಕಲು ಹುಟ್ಟೋದು ನಿಮ್ಮ ಟೋನ್ ನಾಬಿನ ಆಚೆ, ಅದಕ್ಕೆ ನಿಮ್ಮ ಹತ್ತಿರ ಮದ್ದಿಲ್ಲ. ಹಿಂದೆ ಆಕ್ಸ್ ಅಂತ ಇರ್ತದೆ, ಮೈಕ್‌ಸೆಟ್‌ನ ಅಣ್ಣನಿಗೆ ನಮಸ್ಕಾರ ಹೇಳಿ ಅದನ್ನೇ ಕೇಳಿ. ಬೆಂಜೋ ನುಡಿಸೋರು ಪಕ್ಕದಲ್ಲಿದ್ರೆ ಅವರನ್ನೂ ಕೇಳಿ. ತಂತಿ ವಾದ್ಯಕ್ಕೆ ಪಿಕಪ್ ಹಚ್ಚಿ ಭೋಂಗಾದಲ್ಲಿ ನುಡಿಸೋದರಲ್ಲಿ ಅವರು ನಮಗಿಂತ ಹಿರಿಯರು. ಅಂದ ಹಾಗೆ ಈ ಡಬ್ಬಿ ಬೆಂಜೋಗೂ ನಡೀತದೆ.

"ಈಗ ಮೊಬೈಲಿನಲ್ಲೇ ಆಪ್ ಇದೆ, ಮಾರ್ಕೆಟ್ಟಿನಲ್ಲಿ ಚೀನಾ ಪ್ರೊಸೆಸರ್ ಇದೆ, ಸ್ಪೀಕರಿನ ನಕಲನ್ನೂ ಅದೇ ಮಾಡ್ತದೆ, ಬೆಸುಗೆ ಯಾಕೆ ಹಾಕ್ಬೇಕು" ಅನ್ನೋರ ಮಾತಿನಲ್ಲಿ ಹುರುಳಿದೆ. ಕೊಳ್ಳೋ ಶಕ್ತಿ ಇದ್ದೋರು ಕೊಳ್ಳಲಿ, ಸಂತೋಷ. ಆದ್ರೆ ಸಾವಿರಾರು ರೂಪಾಯಿ ಕೊಟ್ಟು ಅವರು ತಗೊಳ್ಳೋ ಆ "ಸ್ಪೀಕರಿನ ನಕಲು" ಮಾಡೋ ಕೆಲಸದಲ್ಲಿ ದೊಡ್ಡ ಪಾಲು ಏನು? 5,000 ಹರ್ಟ್ಜ್ ಮೇಲಿನದ್ದನ್ನ ಕತ್ತರಿಸೋದು! ಕಂಪನಿಗಳಿಗೆ ಗೊತ್ತಿರೋ ಈ ಸತ್ಯ ನಮ್ಮ ಮಡಿವಂತರಿಗೆ ಮಾತ್ರ ಅಪಚಾರ. ಕೊಳ್ಳಲಾಗದ ಹುಡುಗ ತಾನೇ ಕಟ್ಟಿಕೊಂಡದ್ದಕ್ಕೂ ಅದೇ ಸೌಕರ್ಯ ಇರಲಿ ಅಂತಷ್ಟೇ ನಾನು ಕೇಳ್ತಿರೋದು.

ಕೊನೆಗೆ ನಿಮ್ಮನ್ನೆಲ್ಲ ಕೇಳಿಕೊಳ್ಳೋದು ಒಂದಿದೆ. ನಮ್ಮಲ್ಲಿ ಸರ್ಕ್ಯೂಟಿನ ಬಗ್ಗೆ ಕನ್ನಡದಲ್ಲಿ ಬರೆಯೋರೇ ಕಮ್ಮಿ, ಬರೆದ್ರೂ ಎಲ್ಲಿಂದಲೋ ಎತ್ತಿ ಹಾಗೇ ಇಳಿಸಿಬಿಡ್ತೀವಿ. ವೋಲ್ಟು, ಓಮು ಎಲ್ಲ ಸರಿ ಇರ್ತದೆ, ವೈರಿನ ಆ ತುದಿಯಲ್ಲಿ ಏನು ಸಿಕ್ಕಿಸ್ತಾರೆ ಅನ್ನೋದು ಮಾತ್ರ ಇರಲ್ಲ. ಇನ್ನು ಮೇಲೆ ಯಾರೇ ಪೆಡಲ್ಲಿನ ಸರ್ಕ್ಯೂಟ್ ಬರೆದ್ರೂ ಅದರ ಕೊನೆಗೆ ಒಂದು ಸಾಲು ಸೇರಿಸಿ: ಇದನ್ನ ಯಾವ ಸ್ಪೀಕರಿನಲ್ಲಿ ಕೇಳಿ ನೋಡಿದೆ ಅಂತ. ದೇವಲ ಗಾಣಗಾಪುರದ ಭಜನೆಗೋ, ಆಳಂದದ ಉರುಸಿಗೋ ಹೋಗೋ ಮೈಕ್‌ಸೆಟ್ಟಿನಲ್ಲಿ ಕೇಳಿ ನೋಡಿ ಬರೆದ್ರೆ ಇನ್ನೂ ಒಳ್ಳೇದು. ಕೇಳಿ ನೋಡದೆ "ಒರಿಜಿನಲ್ಲು, ಮುಟ್ಟಬೇಡಿ" ಅನ್ನೋರು ಯಾರೇ ಆಗಲಿ, ಒಂದು 103 ನಾನೇ ಕೊಡ್ತೀನಿ, ಭೋಂಗಾದ ಮುಂದೆ ನಿಂತು ಜಗಳಕ್ಕೆ ಬನ್ನಿ.

ಏನಂತೀರಾ?